ಸೈಟ್ ಬೋಲ್ಟ್ ರೈಸರ್ ಒಳಗೇ ಮುರಿದರೆ ಏನು ಮಾಡಬೇಕು?

ಬಿಲ್ಲಿಗೆ ಸೈಟ್ (ಗುರಿ ಹಿಡಿಯುವ ಸಾಧನ) ಕೂರಿಸುವ ಬೋಲ್ಟ್ ಒಂದು ಚಿಲ್ಲರೆ ಸಾಮಾನು. ಅದು ಕೂತಿರುವ ರೈಸರ್ (ಬಿಲ್ಲಿನ ಕೈ ಹಿಡಿಯುವ ನಡುಭಾಗ) ಮಾತ್ರ ಇಡೀ ಬಿಲ್ಲಿನ ಬೆನ್ನೆಲುಬು. ಬೋಲ್ಟ್ ಮುರಿದ ಕ್ಷಣದಲ್ಲಿ ರೈಸರ್‌ಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಆಗುವುದೆಲ್ಲ ಆಮೇಲಿನ ಅರ್ಧ ಗಂಟೆಯಲ್ಲಿ, ನಾವು ಸಿಟ್ಟಿನಲ್ಲಿ ಡ್ರಿಲ್ ಹಿಡಿದಾಗ. ನಾನೂ ಒಮ್ಮೆ ಹಾಗೆ ಮಾಡಿ ಒಂದು ರೈಸರ್‌ನ ತೂತನ್ನು ಓರೆ ಮಾಡಿದ್ದೇನೆ. ಮುರಿದದ್ದು ಸಂಜೆ, ಡ್ರಿಲ್ ಹಿಡಿದದ್ದೂ ಅದೇ ಸಂಜೆ. ಅದೇ ತಪ್ಪು.

ಇಲ್ಲಿ ಹೇಳಿರುವುದು ಸೈಟ್, ಬತ್ತಳಿಕೆ, ಆರೋ ರೆಸ್ಟ್ (ಬಾಣ ಕೂರುವ ಆಸರೆ), ಸ್ಟೆಬಿಲೈಜರ್ (ಬಿಲ್ಲಿನ ನಡುಕ ತಗ್ಗಿಸುವ ಕೋಲು) ಇವುಗಳ ಬೋಲ್ಟ್‌ಗಳ ಬಗ್ಗೆ ಮಾತ್ರ. ಲಿಂಬ್ (ಬಿಲ್ಲಿನ ಬಾಗುವ ತೋಳು) ಹಿಡಿದಿರುವ ಬೋಲ್ಟ್ ಮುರಿದಿದ್ದರೆ, ಬಾಗಿದ್ದರೆ ಅಥವಾ ಅದರ ಥ್ರೆಡ್ (ಸುರುಳಿ ಗೆರೆ) ಹೋಗಿದ್ದರೆ ಈ ಲೇಖನ ನಿಮಗಲ್ಲ. ಅದರ ಹಿಂದೆ ಬಿಲ್ಲಿನ ಪೂರ್ತಿ ಬಲ ಕಟ್ಟಿಕೊಂಡು ಕೂತಿರುತ್ತದೆ. ಕೈ ಹಾಕಬೇಡಿ, ಬೋ ಪ್ರೆಸ್ (ಲಿಂಬ್ ಒತ್ತಿ ಹಿಡಿದು ಬಿಲ್ಲು ಬಿಚ್ಚುವ ಯಂತ್ರ) ಇರುವ ಅನುಭವಿ ಬಿಲ್ಲು ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗಿ.

ಮೊದಲು ಬಾಣ ಬಿಡುವುದನ್ನು ನಿಲ್ಲಿಸಿ

ಸೈಟ್‌ಗೆ ಎರಡು ಬೋಲ್ಟ್ ಇರುತ್ತವಲ್ವಾ, ಒಂದು ಮುರಿದರೂ ಇನ್ನೊಂದು ಹಿಡಿದುಕೊಂಡಿದೆಯಲ್ಲ ಅಂತ ಅನಿಸುತ್ತದೆ. ಹಿಡಿದುಕೊಂಡಿರುವುದು ನಿಜ. ಆದರೆ ಈಗ ಸೈಟ್ ಆ ಒಂದೇ ಬೋಲ್ಟಿನ ಸುತ್ತ ತಿರುಗಬಲ್ಲದು, ಪ್ರತಿ ಬಾಣಕ್ಕೂ ನಡುಗುತ್ತದೆ. ಎರಡು ಬೋಲ್ಟ್ ಹೊರಬೇಕಾದ ಭಾರವನ್ನು ಒಂದೇ ಹೊತ್ತು, ಅದೂ ಮುರಿಯುತ್ತದೆ. ಆರೋ ರೆಸ್ಟ್ ಆದರಂತೂ ಇನ್ನೊಂದು ಬಾಣವನ್ನೂ ಬಿಡಬೇಡಿ. ರೆಸ್ಟ್ ಜರುಗಿದರೆ ಬಾಣ ರೈಸರ್‌ಗೆ ಬಡಿಯಬಹುದು, ನಿಮ್ಮ ಕೈಗೂ ಬಡಿಯಬಹುದು. ಟೇಪ್ ಸುತ್ತಿ ಆಟ ಮುಗಿಸುವ ಯೋಚನೆ ಬೇಡವೇ ಬೇಡ.

ಸೈಟ್ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಎಡ-ಬಲ ಮತ್ತು ಮೇಲೆ-ಕೆಳಗಿನ ಸ್ಕೇಲ್ ಯಾವ ಗೆರೆಯಲ್ಲಿದೆ, ಬ್ರ್ಯಾಕೆಟ್ ರೈಸರ್ ಮೇಲೆ ಎಲ್ಲಿ ಕೂತಿದೆ, ಎಲ್ಲ ಸ್ಪಷ್ಟವಾಗಿ ಬರಲಿ. ಬ್ರ್ಯಾಕೆಟಿನ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಗುರುತು ಮಾಡಿದರೆ ಇನ್ನೂ ಒಳ್ಳೆಯದು. ಗುರಿ ಮತ್ತೆ ಹೊಂದಿಸುವಾಗ ಇದು ಅರ್ಧ ಕೆಲಸ ಉಳಿಸುತ್ತದೆ.

ಮುರಿದ ಮುಖ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕೈಗೆ ಬಂದ ಬೋಲ್ಟಿನ ತಲೆಯನ್ನು ಎಸೆಯಬೇಡಿ. ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿಯಲ್ಲಿ, ಅದರ ಮುರಿದ ಮುಖ ನೋಡಿ.

ಒಂದು ಕಡೆ ನುಣ್ಣಗೆ, ಸ್ವಲ್ಪ ಕಪ್ಪಗೆ ಅಥವಾ ತುಕ್ಕು ಬಣ್ಣದಲ್ಲಿದ್ದು, ಇನ್ನೊಂದು ಕಡೆ ಒರಟಾಗಿ ಹೊಳೆಯುತ್ತಿದೆಯೇ? ಹಾಗಿದ್ದರೆ ಬೋಲ್ಟ್ ಇವತ್ತು ಮುರಿದದ್ದಲ್ಲ. ಬಿರುಕು ಬಿಟ್ಟು ಬಹಳ ದಿನವಾಗಿತ್ತು, ಇವತ್ತು ಉಳಿದದ್ದು ಹೋಯಿತು. ಇದು ಲೋಹದ ದಣಿವು. ಸಡಿಲವಾಗಿದ್ದ ಬೋಲ್ಟ್ ಪ್ರತಿ ಬಾಣದ ನಡುಕಕ್ಕೂ ಚೂರು ಚೂರೇ ಬಾಗಿ ಹೀಗಾಗುತ್ತದೆ. ಬಿಗಿಯಾಗಿದ್ದ ಬೋಲ್ಟಿಗಿಂತ ಸಡಿಲವಾಗಿದ್ದದ್ದೇ ಹೀಗೆ ಬೇಗ ಸಾಯುತ್ತದೆ. ನಿಮಗೆ ಇದರಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ಒಳಗೆ ಉಳಿದ ತುಂಡೂ ಸಡಿಲವಾಗಿಯೇ ಇರುವ ಸಾಧ್ಯತೆ ಜಾಸ್ತಿ. ಡ್ರಿಲ್ ಬೇಕಾಗದೇ ಹೋಗಬಹುದು.

ಮುಖವೆಲ್ಲ ಒಂದೇ ಬೂದು ಬಣ್ಣದಲ್ಲಿ, ತಿರುಚಿದ ಹಾಗೆ ಸುತ್ತು ಗೆರೆಗಳಿದ್ದರೆ ಅದು ಬಿಗಿ ಮಾಡುವಾಗ ತಿರುಚಿ ಹೋದದ್ದು. ಇಲ್ಲಿ ಕಾರಣ ಮೂರರಲ್ಲಿ ಒಂದು ಇರುತ್ತದೆ: ಕೈ ಬಲ ಜಾಸ್ತಿ ಆಯಿತು, ಬೋಲ್ಟ್ ಉದ್ದವಾಗಿ ತೂತಿನ ತಳಕ್ಕೆ ತಾಗಿತು, ಅಥವಾ ಥ್ರೆಡ್ ಕಚ್ಚಿಕೊಂಡಿತು. ತಳಕ್ಕೆ ಒತ್ತಿಕೊಂಡ ಅಥವಾ ಕಚ್ಚಿಕೊಂಡ ತುಂಡು ಸುಲಭಕ್ಕೆ ಬರುವುದಿಲ್ಲ. ಬಿಚ್ಚುವಾಗ ಮುರಿದದ್ದಾದರೆ ತುಕ್ಕು ಅಥವಾ ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಮೇಲೆ ಅನುಮಾನ ಪಡಿ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ರೈಸರ್, ನಡುವೆ ಬೆವರಿನ ಉಪ್ಪು. ಈ ಮೂರು ಸೇರಿದರೆ ಬಿಳಿ ಪುಡಿಯಂಥ ತುಕ್ಕು ಕಟ್ಟಿ ಥ್ರೆಡ್ ಹಿಡಿದುಕೊಳ್ಳುತ್ತದೆ.

ಈಗ ಜೋಡಿಯ ಇನ್ನೊಂದು ಬೋಲ್ಟನ್ನು ಮೆಲ್ಲಗೆ ಬಿಚ್ಚಿ. ಅದನ್ನು ಮುರಿದ ತಲೆಯ ಪಕ್ಕ ಇಟ್ಟು ಅಳೆಯಿರಿ. ಎಷ್ಟು ಉದ್ದ ಕಡಿಮೆ ಇದೆಯೋ ಅಷ್ಟು ಉದ್ದದ ತುಂಡು ರೈಸರ್ ಒಳಗಿದೆ. ಇನ್ನೊಂದು ಬೋಲ್ಟಿನ ಮೇಲೆ ನೀಲಿ ಅಥವಾ ಕೆಂಪು ಒಣಗಿದ ಅಂಟು ಕಂಡರೆ, ಒಳಗಿನದಕ್ಕೂ ಅದೇ ಹಚ್ಚಿರುತ್ತಾರೆ.

ಥ್ರೆಡ್ ಯಾವುದು ಅಂತ ತಿಳಿದಿರಲಿ

ಬಿಲ್ಲಿನ ಲೋಕದಲ್ಲಿ ಇಂದಿಗೂ ಇಂಚಿನ ಥ್ರೆಡ್‌ಗಳದೇ ರಾಜ್ಯ. ಸೈಟ್ ಮತ್ತು ಬತ್ತಳಿಕೆಯ ತೂತುಗಳು ಸಾಮಾನ್ಯವಾಗಿ 10-24. ಅಂದರೆ ಬೋಲ್ಟಿನ ದಪ್ಪ 4.83 ಮಿಲಿಮೀಟರ್, ಇಂಚಿಗೆ 24 ಸುತ್ತು. ಎರಡು ಸೈಟ್ ತೂತುಗಳ ನಡುವಿನ ಅಂತರ 1 5/16 ಇಂಚು, ಸುಮಾರು 33.3 ಮಿಲಿಮೀಟರ್. ಸ್ಟೆಬಿಲೈಜರ್ ತೂತು ಮತ್ತು ರೆಸ್ಟ್ ಅಥವಾ ಪ್ಲಂಜರ್ (ಬಾಣಕ್ಕೆ ಪಕ್ಕದಿಂದ ಆಸರೆ ಕೊಡುವ ಸ್ಪ್ರಿಂಗ್ ಗುಂಡಿ) ಕೂರುವ ತೂತು 5/16-24, ಸುಮಾರು 7.94 ಮಿಲಿಮೀಟರ್ ದಪ್ಪದ್ದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, 10-24ರ ಬದಲು ಮನೆಯಲ್ಲಿ ಸಿಕ್ಕ ಎಂ5 (ಮಿಲಿಮೀಟರ್ ಲೆಕ್ಕದ) ಬೋಲ್ಟ್ ಹಾಕುವವರು ಬಹಳ. ಎಂ5ರ ದಪ್ಪ 5 ಮಿಲಿಮೀಟರ್, ಸುತ್ತಿನ ಅಂತರ 0.8 ಮಿಲಿಮೀಟರ್. 10-24ರಲ್ಲಿ ಅದು 1.06. ಮೊದಲ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಒತ್ತಾಯ ಮಾಡಿದರೆ ಅಲ್ಯೂಮಿನಿಯಂ ಥ್ರೆಡ್ ಹರಿದು ಹೋಗುತ್ತದೆ. 5/16ರ ಜಾಗಕ್ಕೆ ಎಂ8 ಹಾಕುವ ಕಥೆಯೂ ಇದೇ.

ಬಿಲ್ಲನ್ನು ಸಿದ್ಧ ಮಾಡುವುದು

ರಿಕರ್ವ್ (ತುದಿ ಹೊರಕ್ಕೆ ಬಾಗಿದ ಬಿಲ್ಲು) ಆದರೆ ಸ್ಟ್ರಿಂಗರ್ (ಹೆದೆ ಏರಿಸಿ ಇಳಿಸುವ ಹಗ್ಗ) ಬಳಸಿ ಹೆದೆ ಇಳಿಸಿ, ಲಿಂಬ್ ಎರಡೂ ಬಿಚ್ಚಿ, ರೈಸರ್ ಒಂದನ್ನೇ ಮೇಜಿಗೆ ತನ್ನಿ. ಕಾಂಪೌಂಡ್ (ತುದಿಗಳಲ್ಲಿ ಕ್ಯಾಮ್ ಎಂಬ ಗಾಲಿಗಳಿರುವ ಬಿಲ್ಲು) ಆದರೆ ಬರೀ ಸೈಟ್ ಬೋಲ್ಟಿಗೋಸ್ಕರ ಲಿಂಬ್ ಬಿಚ್ಚಬೇಕಿಲ್ಲ. ಆದರೆ ಹೆದೆ, ಕೇಬಲ್, ಕ್ಯಾಮ್ ಎಲ್ಲವನ್ನೂ ಬಟ್ಟೆ ಅಥವಾ ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ ಮುಚ್ಚಿ. ಲೋಹದ ಚೂರು ಹೆದೆಯ ಎಳೆಯೊಳಗೆ ಹೊಕ್ಕರೆ ಒಳಗಿಂದಲೇ ಕೊಯ್ಯುತ್ತದೆ. ಡ್ರಿಲ್ ಜಾರಿದರೆ ಹೆದೆಗೆ ತಾಗುತ್ತದೆ, ಬಿಗಿಯಾಗಿ ಕಟ್ಟಿದ ಹೆದೆ ತುಂಡಾದರೆ ಬಿಲ್ಲು ಅಲ್ಲೇ ಸಿಡಿಯುತ್ತದೆ. ಡ್ರಿಲ್ ಬಳಸುವ ಹಂತಕ್ಕೆ ಹೋಗುವುದೇ ಆದರೆ ಕಾಂಪೌಂಡನ್ನೂ ಪ್ರೆಸ್‌ನಲ್ಲಿ ಬಿಚ್ಚಿಸಿ ರೈಸರ್ ಮಾತ್ರ ಇಟ್ಟುಕೊಳ್ಳುವುದು ನನಗೆ ಇಷ್ಟ.

ವೈಸ್‌ನಲ್ಲಿ ಹಿಡಿಸುವಾಗ ರಬ್ಬರ್ ಅಥವಾ ದಪ್ಪ ಚರ್ಮ ಮಧ್ಯೆ ಇಡಿ. ಹಿಡಿಯುವುದು ರೈಸರನ್ನು ಮಾತ್ರ, ಲಿಂಬನ್ನು ಯಾವತ್ತೂ ಅಲ್ಲ. ಮುರಿದ ತುಂಡು ನೇರ ಮೇಲಕ್ಕೆ ಮುಖ ಮಾಡಿರಲಿ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.

ಬಿಲ್ಲು ಇನ್ನೂ ವಾರಂಟಿಯಲ್ಲಿದ್ದರೆ ಇಲ್ಲೇ ಒಂದು ನಿಮಿಷ ನಿಲ್ಲಿ. ರೈಸರ್‌ಗೆ ಡ್ರಿಲ್ ತಾಗಿದ ಮೇಲೆ ತಯಾರಕರು ಕೈ ತೊಳೆದುಕೊಳ್ಳಬಹುದು. ಮೊದಲು ಅವರನ್ನು ಕೇಳಿ.

ಸುಲಭದ ದಾರಿಯಿಂದ ಶುರು

ತೂತು ಆಚೆ ಬದಿಗೂ ತೆರೆದಿದೆಯೇ ನೋಡಿ. ಕೆಲವು ರೈಸರ್‌ಗಳಲ್ಲಿ ಸೈಟ್ ತೂತು ಆರಪಾರ ಇರುತ್ತದೆ. ರೆಸ್ಟ್ ಕೂರುವ ತೂತು ಸಾಮಾನ್ಯವಾಗಿ ಆರಪಾರವೇ. ಹಾಗಿದ್ದರೆ ತುಂಡನ್ನು ಹಿಂದಕ್ಕೆ ಎಳೆಯಬೇಕಂತಿಲ್ಲ, ಬಿಗಿ ಮಾಡುವ ದಿಕ್ಕಿನಲ್ಲೇ ತಿರುಗಿಸಿ ಆಚೆಯಿಂದ ಹೊರಗೆ ಹಾಕಬಹುದು. ತುಂಡಿನ ತುದಿ ಆ ಬದಿಯಲ್ಲಿ ಇಣುಕುತ್ತಿದ್ದರೆ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿದರೆ ಆಯಿತು.

ತುಂಡು ರೈಸರ್ ಮೇಲೆ 2-3 ಮಿಲಿಮೀಟರ್ ಎದ್ದು ನಿಂತಿದ್ದರೆ ವೈಸ್ ಗ್ರಿಪ್‌ನಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಹಿಡಿಯಲು ಆಗದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯಲ್ಲಿ ಒಂದು ಗೆರೆ ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ. ಮೇಲ್ಮೈಗೆ ಸಮ ಇರುವ ತುಂಡಿಗೆ ಈ ಉಪಾಯ ಬೇಡ. ತಿರುಗುವ ಕಟಿಂಗ್ ಚಕ್ರದಿಂದ ಗೆರೆ ಹಾಕಲು ಹೋದರೆ ಎರಡೂ ಕಡೆ ರೈಸರ್ ಕೊಯ್ದುಹೋಗುತ್ತದೆ.

ಸಮವಾಗಿ ಅಥವಾ ಒಳಗೆ ಮುರಿದಿದ್ದರೆ ಮೊದಲು ಚೂಪಾದ ಸ್ಕ್ರೈಬರ್ ಅಥವಾ ದಪ್ಪ ಸೂಜಿ ತೆಗೆದುಕೊಳ್ಳಿ. ಮುರಿದ ಮುಖ ಯಾವಾಗಲೂ ಸ್ವಲ್ಪ ಒರಟಾಗಿರುತ್ತದೆ. ಅದರ ಅಂಚಿನ ಹತ್ತಿರದ ಉಬ್ಬಿಗೆ ಸೂಜಿ ತಾಗಿಸಿ ಎಡ ದಿಕ್ಕಿಗೆ ತಳ್ಳಿ. ದಣಿವಿನಿಂದ ಮುರಿದ ತುಂಡು ಇಷ್ಟಕ್ಕೇ ತಿರುಗುತ್ತಾ ಮೇಲೆ ಬರುವುದನ್ನು ನಾನು ಒಂದಲ್ಲ, ಹಲವು ಬಾರಿ ನೋಡಿದ್ದೇನೆ. ಬರದಿದ್ದರೆ ಸಣ್ಣ ಪಂಚನ್ನು ಅದೇ ಜಾಗದಲ್ಲಿ ಓರೆಯಾಗಿ ಹಿಡಿದು, ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಎಣ್ಣೆ, ಬಿಸಿ, ತಾಳ್ಮೆ

ಅಲ್ಲಾಡಲಿಲ್ಲವೇ? ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಹಾಕಿ, ರಾತ್ರಿಯಿಡೀ ಬಿಡಿ. ಸ್ಪ್ರೇ ಮಾಡಬೇಡಿ, ಹೆದೆ ಮತ್ತು ಹಿಡಿಯ ಮೇಲೆ ಬೀಳುತ್ತದೆ. ಹತ್ತಿಕಡ್ಡಿಯಿಂದ ಹಾಕಿ. ಮಾರನೇ ದಿನ ಸೂಜಿ ಮತ್ತು ಪಂಚ್‌ನಿಂದ ಇನ್ನೊಮ್ಮೆ ಪ್ರಯತ್ನಿಸಿ.

ಥ್ರೆಡ್ ಲಾಕರ್ ಇದ್ದರೆ ಎಣ್ಣೆಯಿಂದ ಏನೂ ಆಗುವುದಿಲ್ಲ, ಬಿಸಿ ಬೇಕು. ಎಣ್ಣೆ ಹಾಕಿದ್ದರೆ ಮೊದಲು ಚೆನ್ನಾಗಿ ಒರೆಸಿ ತೆಗೆಯಿರಿ. ಆಮೇಲೆ ಸೋಲ್ಡರಿಂಗ್ ಐರನ್‌ನ ತುದಿಯನ್ನು ಬೋಲ್ಟಿನ ತುಂಡಿಗೆ ಮಾತ್ರ ತಾಗಿಸಿ ಒಂದೆರಡು ನಿಮಿಷ ಹಿಡಿಯಿರಿ. ಬಿಸಿಗೆ ನೀಲಿ ಬಣ್ಣದ ಲಾಕರ್ ಮೆತ್ತಗಾಗುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಿಸಿ ಸುತ್ತಲಿನ ಲೋಹಕ್ಕೂ ಹರಡಿದಾಗ ತೂತು ಕೂದಲೆಳೆಯಷ್ಟು ಅಗಲವಾಗುತ್ತದೆ. ಬಿಸಿ ಇರುವಾಗಲೇ ತಿರುಗಿಸಿ.

ಗ್ಯಾಸ್ ಟಾರ್ಚ್ ಬೇಡ. ಹೆಚ್ಚಿನ ಲೋಹದ ರೈಸರ್‌ಗಳು 6061-ಟಿ6 ಅಲ್ಯೂಮಿನಿಯಂನಿಂದ ಮಾಡಿದವು. ಅದರ ಗಟ್ಟಿತನ ಬಂದಿರುವುದೇ ಹದವಾದ ಶಾಖದಲ್ಲಿ ಇಟ್ಟು ತೆಗೆದದ್ದರಿಂದ. 200 ಡಿಗ್ರಿ ದಾಟಿಸಿದರೆ ಆ ಹದ ಕೆಡುತ್ತದೆ. ಕೆಂಪು ಲಾಕರ್ ಬಿಡಬೇಕಾದರೆ ಸುಮಾರು 250 ಡಿಗ್ರಿ ಬೇಕು. ಲೆಕ್ಕ ನೀವೇ ಹಾಕಿ. ಕೆಂಪು ಕಂಡರೆ ಬಿಸಿಯ ದಾರಿ ಬಿಟ್ಟುಬಿಡಿ. ಕಾರ್ಬನ್ ರೈಸರ್‌ಗೆ, ಮರದ ಬಿಲ್ಲಿಗೆ ಬಿಸಿ ತೋರಿಸಲೇಬೇಡಿ. ಅವುಗಳಲ್ಲಿ ಥ್ರೆಡ್ ಇರುವುದು ಅಂಟಿಸಿದ ಲೋಹದ ಬುಶ್‌ನಲ್ಲಿ (ಗಿಡ್ಡ ಕೊಳವೆ), ಬಿಸಿಗೆ ಬೋಲ್ಟಿಗಿಂತ ಮೊದಲು ಬುಶ್ಶೇ ಕಿತ್ತುಬರುತ್ತದೆ.

ಡ್ರಿಲ್ ಹಿಡಿಯುವುದೇ ಆದರೆ

ಇಲ್ಲಿ ಬಳಸಬೇಕಾದದ್ದು ಲೆಫ್ಟ್ ಹ್ಯಾಂಡ್ ಡ್ರಿಲ್ ಬಿಟ್. ಇದು ಉಲ್ಟಾ ತಿರುಗಿ ಕೊರೆಯುತ್ತದೆ, ಅಂದರೆ ಬೋಲ್ಟ್ ಬಿಚ್ಚುವ ದಿಕ್ಕಿನಲ್ಲೇ. ಅರ್ಧ ಕೊರೆಯುವಷ್ಟರಲ್ಲಿ ಬಿಟ್ ತುಂಡನ್ನು ಕಚ್ಚಿಕೊಂಡು, ತುಂಡು ತಾನೇ ತಿರುಗಿ ಹೊರಗೆ ಬರುವುದುಂಟು. ಸಾಮಾನ್ಯ ಬಿಟ್ ಹಾಕಿದರೆ ಅದು ತುಂಡನ್ನು ಇನ್ನಷ್ಟು ಒಳಕ್ಕೆ ಬಿಗಿ ಮಾಡುತ್ತದೆ.

1. ಮುರಿದ ಮುಖ ಏರುತಗ್ಗಾಗಿದ್ದರೆ ಸಣ್ಣ ಗ್ರೈಂಡಿಂಗ್ ಬಿಟ್‌ನಿಂದ ಮಧ್ಯಭಾಗವನ್ನು ಮಾತ್ರ ಸಮ ಮಾಡಿ. ಸರಿಯಾಗಿ ನಡುವಿಗೆ ಸೆಂಟರ್ ಪಂಚ್ ಹಾಕಿ. ಒಂದು ಪೆಟ್ಟು, ನೋಡಿ, ಸರಿ ಇದ್ದರೆ ಇನ್ನೊಂದು ಪೆಟ್ಟು.

2. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿ. ಒಳಗಿನ ತುಂಡಿನ ಉದ್ದ ಆಗಲೇ ಅಳೆದಿದ್ದೀರಲ್ಲ. ಅದನ್ನು ದಾಟಿದರೆ ರೈಸರ್ ಕೊರೆಯುತ್ತಿದ್ದೀರಿ ಅಂತ ಅರ್ಥ.

3. 10-24 ಬೋಲ್ಟಿಗೆ 2 ಮಿಲಿಮೀಟರ್ ಬಿಟ್‌ನಿಂದ ಶುರು ಮಾಡಿ, ಆಮೇಲೆ 3ಕ್ಕೆ ಹೋಗಿ. ಈ ಬೋಲ್ಟಿನ ಥ್ರೆಡ್ ಬುಡದ ದಪ್ಪ ಸುಮಾರು 3.5 ಮಿಲಿಮೀಟರ್. ಅದಕ್ಕಿಂತ ದೊಡ್ಡ ಬಿಟ್ ಹಾಕಿದರೆ ರೈಸರ್‌ನ ಥ್ರೆಡ್ಡಿಗೇ ಕೈ ಹಾಕಿದ ಹಾಗೆ.

4. ವೇಗ ಕಡಿಮೆ, ಒತ್ತಡ ಒಂದೇ ಸಮ, ಕಟಿಂಗ್ ಆಯಿಲ್ ಧಾರಾಳ. ಸ್ಟೇನ್‌ಲೆಸ್ ಬೋಲ್ಟ್ ಆದರೆ ಬಿಟ್ ಸುಮ್ನೆ ಉಜ್ಜಲು ಬಿಡಬೇಡಿ. ಉಜ್ಜಿದಷ್ಟೂ ಅದು ಗಟ್ಟಿಯಾಗುತ್ತದೆ. ಕಪ್ಪು ಬಣ್ಣದ ಅಲಾಯ್ ಬೋಲ್ಟಿಗೆ ಕೋಬಾಲ್ಟ್ ಬಿಟ್ ಬೇಕಾಗಬಹುದು.

ಡ್ರಿಲ್ ಪ್ರೆಸ್ ಇದ್ದರೆ ಅದನ್ನೇ ಬಳಸಿ. ಕೈ ಡ್ರಿಲ್‌ನ ದೊಡ್ಡ ತೊಂದರೆ ಏನಂದರೆ, ಬೋಲ್ಟ್ ಉಕ್ಕು, ಸುತ್ತ ಇರುವುದು ಮೆತ್ತಗಿನ ಅಲ್ಯೂಮಿನಿಯಂ. ಬಿಟ್ ಯಾವಾಗಲೂ ಮೆತ್ತಗಿರುವ ಕಡೆಗೇ ವಾಲುತ್ತದೆ. ತುಂಡು ಮೇಲ್ಮೈಯಿಂದ ನಾಲ್ಕೈದು ಸುತ್ತು ಒಳಗಿದ್ದರೆ ಒಂದು ಚೆಂದದ ಉಪಾಯ ಇದೆ. ಅದೇ ಥ್ರೆಡ್ಡಿನ ಇನ್ನೊಂದು ಬೋಲ್ಟಿನ ನಟ್ಟ ನಡುವೆ ಲೇತ್‌ನಲ್ಲಿ 2 ಮಿಲಿಮೀಟರ್ ತೂತು ಹಾಕಿಸಿ, ಅದನ್ನು ತುಂಡಿಗೆ ತಾಗುವ ತನಕ ತಿರುಗಿಸಿ ಕೂರಿಸಿ. ಆ ತೂತೇ ಬಿಟ್‌ಗೆ ದಾರಿ ತೋರಿಸುತ್ತದೆ. ಆದರೆ ಈ ಉಪಾಯಕ್ಕೆ ಮಾಮೂಲಿ ಬಿಟ್ ಬೇಕು, ಬಲಕ್ಕೇ ತಿರುಗಬೇಕು. ಎಡಕ್ಕೆ ತಿರುಗಿದರೆ ದಾರಿ ತೋರಿಸುವ ಬೋಲ್ಟೇ ಬಿಚ್ಚಿಕೊಂಡು ಬರುತ್ತದೆ. ನಡುವಿನ ತೂತು ಬಿದ್ದ ಮೇಲೆ ಲೆಫ್ಟ್ ಹ್ಯಾಂಡ್ ಬಿಟ್‌ಗೆ ಬನ್ನಿ.

ಕೊರೆಯುವಾಗ ಬರುವ ಚೂರುಗಳ ಹತ್ತಿರ ಆಗಾಗ ಒಂದು ಅಯಸ್ಕಾಂತ ಹಿಡಿಯಿರಿ. ಉಕ್ಕಿನ ಚೂರು ಅಂಟುತ್ತದೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಅಂಟದ ಬೆಳ್ಳಿ ಬಣ್ಣದ ಚೂರು ಬರತೊಡಗಿದರೆ ತಕ್ಷಣ ನಿಲ್ಲಿಸಿ. ಸ್ಟೇನ್‌ಲೆಸ್ ಬೋಲ್ಟಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರಲ್ಲಿ ಬಹಳಷ್ಟು ಬಗೆಯವು ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ.

3 ಮಿಲಿಮೀಟರ್ ಕೊರೆದ ಮೇಲೂ ತುಂಡು ಬರದಿದ್ದರೆ, ನಡುವೆ ಸರಿಯಾಗಿ ಕೊರೆದಿದ್ದರೆ ಮಾತ್ರ, 3.5ರ ತನಕ ಹೋಗಬಹುದು. ಆಗ ಉಳಿಯುವುದು ಸ್ಪ್ರಿಂಗ್‌ನಂಥ ತೆಳು ಸುರುಳಿ. ಸೂಜಿಯಿಂದ ಅದರ ತುದಿ ಎಬ್ಬಿಸಿ ನೋಸ್ ಪ್ಲೈಯರ್‌ನಿಂದ ಎಳೆಯಿರಿ.

ಈಸಿ-ಔಟ್ ಅಂತ ಸಿಗುವ ಓರೆ ಸುರುಳಿಯ ಸಾಧನದ ಬಗ್ಗೆ ನೀವು ಕೇಳಿರಬಹುದು. 10-24ರಷ್ಟು ಸಣ್ಣ ಬೋಲ್ಟಿಗೆ ನಾನು ಅದನ್ನು ಮುಟ್ಟುವುದಿಲ್ಲ. ಇಷ್ಟು ಸಣ್ಣ ತೂತಿಗೆ ಹೋಗುವ ಈಸಿ-ಔಟ್ ಕಡ್ಡಿಯಷ್ಟು ತೆಳು, ಮೇಲಾಗಿ ಬಹಳ ಗಟ್ಟಿ. ಗಟ್ಟಿ ಅಂದರೆ ಬಾಗದೆ ಮುರಿಯುವಂಥದ್ದು. ಅದು ಒಳಗೆ ಮುರಿಯಿತೋ, ನಿಮ್ಮ ಯಾವ ಡ್ರಿಲ್ ಬಿಟ್ಟೂ ಅದನ್ನು ಕೊರೆಯಲಾರದು. ಆಮೇಲೆ ಸ್ಪಾರ್ಕ್ ಎರೋಷನ್ ಯಂತ್ರ ಇರುವ ವರ್ಕ್‌ಶಾಪ್ ಹುಡುಕಬೇಕು.

ಸ್ಟೆಬಿಲೈಜರ್ ಆದರೆ

ಇದು ಸ್ವಲ್ಪ ಸುಲಭ. ಬೋಲ್ಟ್ ದಪ್ಪ, ಮುರಿದ ತುಂಡು ಎಷ್ಟೋ ಸಲ ಹೊರಗೆ ಇಣುಕುತ್ತಿರುತ್ತದೆ. ಒಂದೆರಡು ಸೆಂಟಿಮೀಟರ್ ಹೊರಗಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿ ಮಾಡಿ, ಒಳಗಿನ ನಟ್‌ಗೆ ಸ್ಪ್ಯಾನರ್ ಹಾಕಿ ಬಿಚ್ಚಿ. ಒಂದು ಎಚ್ಚರಿಕೆ: ಇಲ್ಲಿ ಥ್ರೆಡ್ ಇರುವುದು ಅನೇಕ ಬಿಲ್ಲುಗಳಲ್ಲಿ ಪ್ರತ್ಯೇಕವಾಗಿ ಕೂರಿಸಿದ ಬುಶ್‌ನಲ್ಲಿ. ತುಂಡಿನ ಜೊತೆ ಬುಶ್ಶೂ ತಿರುಗುತ್ತಿದ್ದರೆ ನಿಲ್ಲಿಸಿ. ಅದನ್ನು ಬದಲಿಸುವ ಕೆಲಸ ತಯಾರಕರಿಗೆ ಬಿಡಿ.

ತುಂಡು ಬಂದ ಮೇಲೆ

ತೂತಿನೊಳಗೆ ಬಡ್ಸ್‌ನಿಂದ ಒರೆಸಿ, ಟಾರ್ಚ್ ಹಾಕಿ ನೋಡಿ. ಥ್ರೆಡ್ ಅಲ್ಲಲ್ಲಿ ಮಡಚಿದ್ದರೆ 10-24 ಟ್ಯಾಪನ್ನು (ತೂತಿನೊಳಗೆ ಥ್ರೆಡ್ ಕೊಯ್ಯುವ ಸಾಧನ) ಕೈಯಲ್ಲೇ ನಿಧಾನ ತಿರುಗಿಸಿ ಸರಿ ಮಾಡಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೊಸ ಬೋಲ್ಟ್ ಬೆರಳಿನಿಂದಲೇ ಕೊನೆಯ ತನಕ ಹೋಗಬೇಕು. ಥ್ರೆಡ್ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿಯ ಸುರುಳಿ) ಹಾಕಿಸಬಹುದು. 10-24 ಹೆಲಿಕಾಯಿಲ್‌ಗೆ ತೂತನ್ನು ಸುಮಾರು 5.2 ಮಿಲಿಮೀಟರಿಗೆ ದೊಡ್ಡದು ಮಾಡಿ ಅದರದೇ ಟ್ಯಾಪ್ ಹಾಕಬೇಕು. ಸರಿಯಾಗಿ ಕೂತರೆ ಅದು ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ಆದರೆ ತೂತು ನೇರ ಇರಬೇಕು, ಸುತ್ತ ಸಾಕಷ್ಟು ಲೋಹ ಇರಬೇಕು. ಇದನ್ನು ಯಂತ್ರದ ಮೇಲೆ ಮಾಡಿಸುವುದೇ ವಾಸಿ.

ಹೊಸ ಬೋಲ್ಟಿನ ಉದ್ದ ಅಂದಾಜಿನಲ್ಲಿ ಆರಿಸಬೇಡಿ. ಬೆಂಕಿಕಡ್ಡಿ ತೂತಿಗಿಳಿಸಿ ಆಳ ಅಳೆಯಿರಿ. ಅದಕ್ಕೆ ಬ್ರ್ಯಾಕೆಟಿನ ದಪ್ಪ ಕೂಡಿಸಿ, ಒಂದು ಮಿಲಿಮೀಟರ್ ಕಳೆಯಿರಿ. ಅಷ್ಟು ಉದ್ದ ಮೀರಬಾರದು. ಹಾಗೆಯೇ ಕನಿಷ್ಠ 7 ಮಿಲಿಮೀಟರ್ ಥ್ರೆಡ್ ರೈಸರ್ ಒಳಗೆ ಕೂರಬೇಕು, ಬೋಲ್ಟಿನ ದಪ್ಪದ ಒಂದೂವರೆ ಪಟ್ಟು. ಜೋಡಿಯ ಇನ್ನೊಂದು ಹಳೆ ಬೋಲ್ಟನ್ನೂ ಬದಲಿಸಿ. ಅದೂ ಅಷ್ಟೇ ಬಾಣಗಳ ನಡುಕ ತಿಂದಿದೆ.

ನೀಲಿ ಲಾಕರ್ ಒಂದೇ ಹನಿ ಸಾಕು. ಎರಡೂ ಬೋಲ್ಟನ್ನು ಬೆರಳಲ್ಲಿ ಕೂರಿಸಿ, ಆಮೇಲೆ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಆಲನ್ ಕೀಯ ಉದ್ದದ ತೋಳನ್ನು ಬೋಲ್ಟಿಗೆ ಹಾಕಿ, ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಬಲ ಮೀರುವುದಿಲ್ಲ. ಟಾರ್ಕ್ ಕೀ ಇದ್ದರೆ ತಯಾರಕರು ಕೊಟ್ಟ ಅಂಕಿ ನೋಡಿ. ಏನೂ ಕೊಟ್ಟಿಲ್ಲದಿದ್ದರೆ 10-24 ಸ್ಟೇನ್‌ಲೆಸ್ ಬೋಲ್ಟಿಗೆ ಸುಮಾರು 2.5 ನ್ಯೂಟನ್ ಮೀಟರ್ ದಾಟಬೇಡಿ.

ಕೊನೆಗೆ ಬೋಲ್ಟಿನ ತಲೆಯಿಂದ ಬ್ರ್ಯಾಕೆಟಿನ ತನಕ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಲಾಕರ್ ಒಣಗಲು ಒಂದು ದಿನ ಕೊಡಿ. ಫೋಟೋ ನೋಡಿ ಸೈಟನ್ನು ಹಳೆ ಜಾಗಕ್ಕೆ ತನ್ನಿ, 10 ಮೀಟರ್ ದೂರದಿಂದ ಶುರು ಮಾಡಿ. 30 ಬಾಣ ಆದ ಮೇಲೆ ಗೆರೆ ನೋಡಿ. ಒಡೆದಿದ್ದರೆ, ಅಂದರೆ ತಲೆಯ ಮೇಲಿನ ಗೆರೆ ಬ್ರ್ಯಾಕೆಟಿನ ಗೆರೆಯಿಂದ ಜರುಗಿದ್ದರೆ, ಬೋಲ್ಟ್ ಸಡಿಲವಾಗುತ್ತಿದೆ. ಬಿಚ್ಚಿ, ಥ್ರೆಡ್ ಒರೆಸಿ, ಹೊಸದಾಗಿ ಲಾಕರ್ ಹಾಕಿ ಕೂರಿಸಿ. ಹೆಚ್ಚುವರಿ ಎರಡು ಬೋಲ್ಟ್ ಮತ್ತು ಸರಿಯಾದ ಆಲನ್ ಕೀಯನ್ನು ಬಿಲ್ಲಿನ ಪೆಟ್ಟಿಗೆಯಲ್ಲೇ ಹಾಕಿಡಿ.